ಸೂಜಿಯ ಮರುದಿನ ಬಂದ ಫಿಟ್ಸ್

ಗುರುವಾರ ಅಂಗನವಾಡಿಯಲ್ಲಿ ಚುಚ್ಚುಮದ್ದು. ಮೂರೂವರೆ ತಿಂಗಳ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದ ತಾಯಿ ಮಧ್ಯಾಹ್ನದ ಹೊತ್ತಿಗೆ ಮನೆಗೆ ಮರಳುತ್ತಾಳೆ. ಸಂಜೆಯಾಗುತ್ತಲೇ ಕೂಸಿನ ಮೈ ಬಿಸಿ. ಸೂಜಿ ಚುಚ್ಚಿದ ತೊಡೆ ಊದಿಕೊಂಡಿದೆ, ಮುಟ್ಟಿದರೆ ಕಿರುಚುತ್ತದೆ. ಆರೋಗ್ಯ ಕಾರ್ಯಕರ್ತೆ ಕೊಟ್ಟ ಜ್ವರದ ಔಷಧಿ ಕುಡಿಸಿ, ತೊಡೆಗೆ ತಣ್ಣೀರಿನ ಬಟ್ಟೆ ಇಟ್ಟು, ಅಜ್ಜಿ-ತಾಯಿ ಸರದಿಯ ಮೇಲೆ ಎತ್ತಿಕೊಂಡು ತಿರುಗಿದ್ದಾಯಿತು. ಶುಕ್ರವಾರ ಬೆಳಿಗ್ಗೆ ಕೂಸು ಮತ್ತೆ ನಗುತ್ತಿರುತ್ತದೆ. ಬಹುತೇಕ ಎಲ್ಲ ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ.

ಎಲ್ಲೋ ಒಂದು ಮನೆಯಲ್ಲಿ ಮುಗಿಯುವುದಿಲ್ಲ. ಅಲ್ಲಿ ನಡುರಾತ್ರಿ ಕೂಸಿನ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ಒಂದು ಕೈ, ಒಂದು ಕಾಲು ಅದುರತೊಡಗುತ್ತದೆ. ಅರ್ಧ ಗಂಟೆಯಾದರೂ ನಿಲ್ಲುವುದಿಲ್ಲ. ಆಸ್ಪತ್ರೆ ಸೇರಿ ಬದುಕಿಕೊಂಡ ಕೂಸಿಗೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಫಿಟ್ಸ್, ಆಮೇಲೆ ಮತ್ತೆ. ವರ್ಷ ದಾಟಿದ ಮೇಲೆ ಮಾತು, ನಡಿಗೆ ಎಲ್ಲ ಹಿಂದೆ ಬೀಳುತ್ತವೆ. ‘ಸೂಜಿ ಹಾಕಿಸಿದ ಮೇಲೆ ಹೀಗಾಯಿತು’ ಎಂದು ಮೊದಮೊದಲು ಹೇಳುವ ಮನೆಯವರು ಬರುಬರುತ್ತ ‘ಸೂಜಿಯಿಂದಲೇ ಹೀಗಾಯಿತು’ ಎನ್ನತೊಡಗುತ್ತಾರೆ. ಅದನ್ನು ಕೇಳಿದ ನೆರೆಮನೆಯಾಕೆ ಮುಂದಿನ ಗುರುವಾರ ತನ್ನ ಕೂಸನ್ನು ಅಂಗನವಾಡಿಯತ್ತ ಒಯ್ಯುವುದೇ ಇಲ್ಲ.

‘ಆದ ಮೇಲೆ’ ಎಂಬುದಕ್ಕೂ ‘ಅದರಿಂದಲೇ’ ಎಂಬುದಕ್ಕೂ ಮಾತಿನಲ್ಲಿ ಇರುವ ಅಂತರ ಸಣ್ಣದು. ಡಿಪಿಟಿ ಎಂಬ ಚುಚ್ಚುಮದ್ದಿನ ವಿಷಯದಲ್ಲಿ ಆ ಅಂತರವನ್ನು ಅಳೆಯಲು ವೈದ್ಯಲೋಕಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನಲ್ಲಿ ಮಕ್ಕಳಿಗೆಂದೇ 1852ರಲ್ಲಿ ತೆರೆದ ಹಳೆಯ ಆಸ್ಪತ್ರೆಯೊಂದಿದೆ. ಅಲ್ಲಿನ ಕುಲೆನ್‌ಕಾಂಫ್, ಶ್ವಾರ್ಟ್ಸ್‌ಮನ್ ಮತ್ತು ವಿಲ್ಸನ್ ಎಂಬ ಮೂವರು ವೈದ್ಯರು 1974ರ ಜನವರಿಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ನಾಯಿಕೆಮ್ಮಿನ ಅಂಶವಿರುವ ಚುಚ್ಚುಮದ್ದು ಪಡೆದ ಮೇಲೆ ಮಿದುಳಿನ ತೊಂದರೆಗೆ ಒಳಗಾದರೆಂದು ಅವರು ನಂಬಿದ 36 ಮಕ್ಕಳ ವೃತ್ತಾಂತ ಅದು. ಸುಮಾರು ಹನ್ನೊಂದು ವರ್ಷಗಳಲ್ಲಿ ಆಸ್ಪತ್ರೆಗೆ ಬಂದವರ ಕಡತಗಳನ್ನು ಹೆಕ್ಕಿ ಸೇರಿಸಿದ್ದು. ಅನುಮಾನ ಹೊಸದೇನೂ ಆಗಿರಲಿಲ್ಲ. ಡೆನ್ಮಾರ್ಕಿನ ಮ್ಯಾಡ್ಸನ್ 1933ರಲ್ಲೇ ಇಂಥ ಚುಚ್ಚುಮದ್ದಿನ ನಂತರ ಎರಡು ಕೂಸುಗಳು ಸತ್ತದ್ದನ್ನು ಬರೆದಿದ್ದರು. ಅಮೆರಿಕದ ಬೋಸ್ಟನ್ನಿನಿಂದ 1948ರಲ್ಲಿ 15 ಮಕ್ಕಳ ವರದಿ ಬಂದಿತ್ತು. ಆದರೆ ಈ ಸಲ ಸುದ್ದಿ ವೈದ್ಯರ ಪತ್ರಿಕೆಯೊಳಗೆ ಉಳಿಯಲಿಲ್ಲ. ಟೆಲಿವಿಷನ್ನಿನಲ್ಲಿ ಬಂತು, ದಿನಪತ್ರಿಕೆಗಳ ಮುಖಪುಟಕ್ಕೆ ಬಂತು. ಮಕ್ಕಳ ತಾಯ್ತಂದೆಯರು ಸಂಘ ಕಟ್ಟಿ ಪಾರ್ಲಿಮೆಂಟಿನ ಬಾಗಿಲು ತಟ್ಟಿದರು. ಗ್ಲಾಸ್ಗೋ ವಿಶ್ವವಿದ್ಯಾಲಯದ ಗಾರ್ಡನ್ ಸ್ಟೂವರ್ಟ್ ಎಂಬ ಪ್ರಾಧ್ಯಾಪಕರೇ ಲಸಿಕೆಯ ವಿರುದ್ಧ ನಿಂತರು. ಸಾಮಾನ್ಯ ವೈದ್ಯರಿಗೂ ದಿಕ್ಕು ತೋಚಲಿಲ್ಲ. ‘ಇದನ್ನು ಬಿಟ್ಟು ಉಳಿದೆರಡನ್ನು ಹಾಕಿಸಿ’ ಎನ್ನುವವರು ಹೆಚ್ಚಾದರು.

ಉಳಿದೆರಡು ಎಂದರೆ ಗಂಟಲಮಾರಿ ಮತ್ತು ಧನುರ್ವಾಯುವಿನ ಲಸಿಕೆಗಳು. ಡಿಪಿಟಿಯಲ್ಲಿ ಮೂರನೆಯದಾಗಿ ಇರುವುದು ನಾಯಿಕೆಮ್ಮಿನ ಲಸಿಕೆ. ಗಂಟಲಮಾರಿ, ಧನುರ್ವಾಯುಗಳಿಗೆ ರೋಗಾಣು ಉಗುಳುವ ವಿಷವನ್ನಷ್ಟೇ ಸೋಸಿ ತೆಗೆದು, ಅದನ್ನು ನಿರ್ವಿಷಗೊಳಿಸಿ ಬಳಸುತ್ತಾರೆ. ನಾಯಿಕೆಮ್ಮಿಗೆ ಹಾಗಲ್ಲ. ಹಳೆಯ ಪದ್ಧತಿಯಲ್ಲಿ ಇಡೀ ರೋಗಾಣುವನ್ನೇ ಕೊಂದು, ಅದರ ಗೋಡೆ ತಿರುಳು ಸಮೇತ ಸೂಜಿಯಲ್ಲಿ ತುಂಬುತ್ತಾರೆ. ಜ್ವರ, ಊತ, ನೋವು ಹೆಚ್ಚಾಗಿ ಬರುವುದು ಈ ಮೂರನೆಯದರಿಂದಲೇ. ಅನುಮಾನ ಇದರ ಮೇಲೆಯೇ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ನಾಯಿಕೆಮ್ಮನ್ನು ಕಣ್ಣಾರೆ ಕಂಡ ತಾಯಂದಿರು ಈಗ ಕಡಿಮೆ. ಕಂಡ ಅಜ್ಜಿಯರು ಮರೆತಿಲ್ಲ. ಒಂದೇ ಉಸಿರಿಗೆ ಹತ್ತು ಹದಿನೈದು ಸಲ ಕೆಮ್ಮಿ, ಮುಖ ಕೆಂಪೇರಿ, ಆಮೇಲೆ ನೀಲಿಯಾಗಿ, ಕೊನೆಗೆ ಕೊಳಲು ಒಡೆದ ಹಾಗೆ ‘ಹೂಂಪ್’ ಎಂದು ಗಾಳಿ ಎಳೆದುಕೊಂಡು, ಕುಡಿದ ಹಾಲನ್ನೆಲ್ಲ ಕಕ್ಕಿ, ಸುಸ್ತಾಗಿ ಬಿದ್ದುಕೊಳ್ಳುವ ಮಗು. ಮೂರು ತಿಂಗಳಾದರೂ ಬಿಡದ ಕೆಮ್ಮು. ಆರು ತಿಂಗಳೊಳಗಿನ ಕೂಸುಗಳಿಗೆ ಆ ‘ಹೂಂಪ್’ ಎನ್ನುವಷ್ಟು ಶಕ್ತಿಯೂ ಇರುವುದಿಲ್ಲ. ಉಸಿರು ಸುಮ್ಮನೆ ನಿಂತುಹೋಗುತ್ತದೆ. ಉಸಿರು ನಿಂತ ಮಿದುಳಿಗೆ ಆಮ್ಲಜನಕವಿಲ್ಲ. ಬದುಕಿಕೊಂಡವರಲ್ಲೂ ಕೆಲವರಿಗೆ ಫಿಟ್ಸ್, ಬುದ್ಧಿಮಾಂದ್ಯ ಉಳಿಯುತ್ತವೆ. ಅಂದರೆ ಲಸಿಕೆಯ ಮೇಲೆ ಯಾವ ಆರೋಪ ಬಂದಿತ್ತೋ ಅದೇ ಕೆಲಸವನ್ನು ಕಾಯಿಲೆ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಮಾಡುತ್ತಿತ್ತು. ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಕಾಯಿಲೆ ಅಪರೂಪವಾಗಿತ್ತು. ಸೂಜಿ ಮಾತ್ರ ಕಣ್ಣೆದುರಿಗಿತ್ತು.

1974ರ ಮುನ್ನ ಅಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಮಕ್ಕಳು ಈ ಲಸಿಕೆ ಪಡೆಯುತ್ತಿದ್ದರು. ನಾಲ್ಕೇ ವರ್ಷಗಳಲ್ಲಿ ಅದು ಮೂವತ್ತರ ಹತ್ತಿರಕ್ಕೆ ಕುಸಿಯಿತು. 1977ರಿಂದ 79ರವರೆಗೆ ನಾಯಿಕೆಮ್ಮು ಮತ್ತೆ ಎದ್ದಿತು. ವರದಿಯಾದವರೇ ಒಂದು ಲಕ್ಷಕ್ಕೂ ಹೆಚ್ಚು, ಸತ್ತವರು ಮೂವತ್ತಕ್ಕೂ ಹೆಚ್ಚು. 1982ರ ಸುಮಾರಿಗೆ ಇನ್ನೊಂದು ಅಲೆ.

ಜಪಾನಿನ ಕಥೆ ಇನ್ನೂ ಚುರುಕು. 1974-75ರ ಚಳಿಗಾಲದಲ್ಲಿ ಅಲ್ಲಿ ಡಿಪಿಟಿಯ ನಂತರ ಎರಡು ಕೂಸುಗಳು ಸತ್ತವು. ಸರ್ಕಾರ ಲಸಿಕೆಯನ್ನೇ ತಡೆಹಿಡಿಯಿತು. ಎರಡು ತಿಂಗಳ ಮೇಲೆ ಮತ್ತೆ ಆರಂಭಿಸಿದರೂ ಎರಡು ವರ್ಷ ತುಂಬಿದವರಿಗೆ ಮಾತ್ರ ಎಂದಿತು. ಹಾಕಿಸಿಕೊಳ್ಳುವವರು ನೂರಕ್ಕೆ ಹತ್ತರಷ್ಟಕ್ಕೆ ಇಳಿದರು. 1974ರಲ್ಲಿ ಇಡೀ ದೇಶದಲ್ಲಿ ನಾಯಿಕೆಮ್ಮು ಬಂದವರು 393 ಮಂದಿ, ಅದರಿಂದ ಸತ್ತವರು ಒಬ್ಬರೂ ಇಲ್ಲ. 1979ರಲ್ಲಿ ಬಂದವರು ಸುಮಾರು 13,000, ಸತ್ತವರು 41. ಈ ಪೆಟ್ಟಿನಿಂದಲೇ ಅಲ್ಲೊಂದು ಒಳ್ಳೆಯ ಕೆಲಸವೂ ಆಯಿತೆನ್ನಿ. ಯೂಜಿ ಸಾತೋ ಎಂಬ ವಿಜ್ಞಾನಿ ಇಡೀ ರೋಗಾಣುವಿನ ಬದಲು ಅದರ ಒಂದೆರಡು ಪ್ರೋಟೀನುಗಳನ್ನಷ್ಟೇ ಬೇರ್ಪಡಿಸಿ, ಜ್ವರ ಕಡಿಮೆ ತರುವ ಹೊಸ ಲಸಿಕೆಯನ್ನು ರೂಪಿಸಿದರು. 1981ರಿಂದ ಜಪಾನ್ ಅದನ್ನು ಬಳಸತೊಡಗಿತು.

ಇಷ್ಟಾದರೂ ಮೂಲ ಪ್ರಶ್ನೆ ಹಾಗೇ ಇತ್ತು. ಲಂಡನ್ನಿನ ಆ 36 ಮಕ್ಕಳು ಕಟ್ಟುಕಥೆಯಲ್ಲ. ಅವರ ಫಿಟ್ಸ್ ನಿಜ, ಸೂಜಿ ಹಾಕಿಸಿದ್ದೂ ನಿಜ. ಹಾಗಿದ್ದ ಮೇಲೆ ಅನುಮಾನವೇಕೆ?

ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದ ಒಂದು ಲೆಕ್ಕ ಇಲ್ಲಿದೆ. ಕೂಸಿಗೆ ಮೊದಲ ವರ್ಷದಲ್ಲಿ ಮೂರು ಸಲ ಸೂಜಿ ಬೀಳುತ್ತದೆ ಎಂದುಕೊಳ್ಳೋಣ. ಪ್ರತಿ ಸೂಜಿಯ ನಂತರದ ಒಂದು ವಾರವನ್ನು ಗುರುತು ಮಾಡಿದರೆ 365 ದಿನಗಳಲ್ಲಿ 21 ದಿನ ಆ ಗುರುತಿನೊಳಗೆ ಬರುತ್ತವೆ. ಸೂಜಿಗೆ ಸಂಬಂಧವೇ ಇಲ್ಲದ ಯಾವುದೋ ಕಾರಣಕ್ಕೆ ಆ ವರ್ಷ ಕಾಯಿಲೆ ಬೀಳುವ ಮಕ್ಕಳಲ್ಲಿ ಹದಿನೇಳಕ್ಕೆ ಒಬ್ಬರ ಕಾಯಿಲೆ ಬರೀ ಕಾಕತಾಳೀಯವಾಗಿ ಆ ಗುರುತಿನ ದಿನಗಳಲ್ಲೇ ಶುರುವಾಗಬೇಕು! ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋದ ಹಾಗೆ. ಎಳೆಗೂಸುಗಳ ಅಪಸ್ಮಾರ ತಲೆಯೆತ್ತುವುದೂ ಬಹುಪಾಲು ಆ ಮೊದಲ ವರ್ಷದಲ್ಲೇ. ಒಂದು ದೊಡ್ಡ ಆಸ್ಪತ್ರೆ ಹನ್ನೊಂದು ವರ್ಷ ಕಾದು ಕೂತರೆ ಅಂಥ 36 ಮಕ್ಕಳು ಸಿಗುವುದು ಕಷ್ಟವಲ್ಲ. ಸಿಕ್ಕ ಮಾತ್ರಕ್ಕೆ ಸೂಜಿ ನಿರ್ದೋಷಿ ಎಂದೂ ಅಲ್ಲ. ಸೂಜಿ ಬೀಳದ ಮಕ್ಕಳಲ್ಲಿ ಅದೇ ಕಾಯಿಲೆ ಎಷ್ಟು ಎಂಬುದು ಗೊತ್ತಾಗದೆ ಎರಡು ಮಾತೂ ಆಡುವಂತಿಲ್ಲ. 1974ರ ಪ್ರಬಂಧದಲ್ಲಿ ಆ ಇನ್ನೊಂದು ಕಡೆಯ ಲೆಕ್ಕ ಇರಲಿಲ್ಲ.

ಆ ಲೆಕ್ಕ ಹಿಡಿಯಲು ಹೊರಟವರು ಡೇವಿಡ್ ಮಿಲ್ಲರ್ ಎಂಬ ವೈದ್ಯರು ಮತ್ತವರ ಜೊತೆಗಾರರು. 1976ರಿಂದ ಮೂರು ವರ್ಷ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಎರಡು ತಿಂಗಳಿಂದ ಮೂರು ವರ್ಷದವರೆಗಿನ ಯಾವ ಮಗು ಮಿದುಳಿನ ತೀವ್ರ ಕಾಯಿಲೆಯಿಂದ ಆಸ್ಪತ್ರೆ ಸೇರಿದರೂ ಅವರಿಗೆ ತಿಳಿಸಬೇಕಿತ್ತು. ಒಂದೊಂದು ರೋಗಿಗೂ ಅದೇ ವಯಸ್ಸಿನ, ಅದೇ ಊರಿನ ಎರಡೆರಡು ಆರೋಗ್ಯವಂತ ಮಕ್ಕಳನ್ನು ಆರಿಸಿ ಜೋಡಿಸಿದರು. ಮೊದಲ 1000 ರೋಗಿಗಳಲ್ಲಿ, ಕಾಯಿಲೆಗೆ ಮುಂಚಿನ ಏಳು ದಿನಗಳೊಳಗೆ ನಾಯಿಕೆಮ್ಮಿನ ಲಸಿಕೆ ಪಡೆದಿದ್ದವರು 35. ಹೋಲಿಕೆಗೆ ತೆಗೆದುಕೊಂಡ 1955 ಆರೋಗ್ಯವಂತ ಮಕ್ಕಳಲ್ಲಿ ಅದೇ ಅವಧಿಯಲ್ಲಿ ಲಸಿಕೆ ಪಡೆದವರು 34. ಅಂದರೆ ನೂರಕ್ಕೆ ಮೂರೂವರೆ ಒಂದು ಕಡೆ, ಒಂದೂಮುಕ್ಕಾಲಿನಷ್ಟು ಇನ್ನೊಂದು ಕಡೆ. ವ್ಯತ್ಯಾಸ ಇತ್ತು, ಆದರೆ ಚಿಕ್ಕದು. ಬಹುಪಾಲು ಮಕ್ಕಳು ಪೂರ್ತಿ ಚೇತರಿಸಿಕೊಂಡರು. ಚೇತರಿಸದೆ ಉಳಿದವರ ಆಧಾರದ ಮೇಲೆ ಮಿಲ್ಲರ್ ತಂಡ, ಲಸಿಕೆಯಿಂದ ಶಾಶ್ವತ ಹಾನಿ ಇದ್ದರೂ ಅದು 3,10,000 ಸೂಜಿಗಳಿಗೆ ಒಂದರಂತೆ ಇರಬಹುದು ಎಂದಿತು.

ಈ ‘ಇದ್ದರೂ’, ‘ಇರಬಹುದು’ಗಳನ್ನೆಲ್ಲ ಬಿಟ್ಟು ಸಂಖ್ಯೆ ಮಾತ್ರ ಪ್ರಪಂಚ ಸುತ್ತಿತು. ಸಂಖ್ಯೆಗಳ ಹಣೆಬರಹವೇ ಅಷ್ಟು.

1988ರಲ್ಲಿ ವಿಷಯ ಲಂಡನ್ನಿನ ನ್ಯಾಯಾಲಯದ ಮುಂದೆ ಬಂತು. ಲಾರ್ಡ್ ಜಸ್ಟಿಸ್ ಸ್ಟೂವರ್ಟ್-ಸ್ಮಿತ್ ತಿಂಗಳುಗಟ್ಟಲೆ ತಜ್ಞರ ಸಾಕ್ಷ್ಯ ಕೇಳಿದರು. ಮಿಲ್ಲರ್ ತಂಡದ ಕಡತಗಳೂ ಪಾಟೀಸವಾಲಿಗೆ ಒಳಗಾದವು. ಶಾಶ್ವತ ಹಾನಿಯ ಪಟ್ಟಿಯಲ್ಲಿದ್ದ ಬೆರಳೆಣಿಕೆಯ ಮಕ್ಕಳಲ್ಲೂ ಕೆಲವರ ಕಾಯಿಲೆಗೆ ವೈರಸ್ ಸೋಂಕಿನಂಥ ಬೇರೆ ಕಾರಣ ಕಾಣಿಸಿತು. ನಾಯಿಕೆಮ್ಮಿನ ಲಸಿಕೆ ಮಿದುಳಿಗೆ ಶಾಶ್ವತ ಹಾನಿ ಮಾಡಬಲ್ಲದು ಎಂಬುದು ಸಾಬೀತಾಗಿಲ್ಲ ಎಂದು ಅವರು ತೀರ್ಪಿತ್ತರು. ಸಾಬೀತಾಗಿಲ್ಲ ಎಂದರೆ ಆ ಮಕ್ಕಳಿಗೆ ಮತ್ತೇನಾಗಿತ್ತು? ನ್ಯಾಯಾಲಯ ಅದನ್ನು ಹೇಳಬೇಕಾಗಿರಲಿಲ್ಲ, ಹೇಳಲೂ ಇಲ್ಲ. ಮನೆಯವರು ತಮ್ಮ ಮಕ್ಕಳೊಂದಿಗೆ ಮನೆಗೆ ಹೋದರು.

ಹಾಗಾದರೆ ಯಾವ ಲಸಿಕೆಯೂ ನರಗಳ ತಂಟೆಗೆ ಹೋಗುವುದಿಲ್ಲವೆ? ಹಾಗೆಂದವರು ಹಳೆಯ ಕಾಲದ ನಾಯಿಕಡಿತದ ಸೂಜಿಯನ್ನು ಮರೆತಿದ್ದಾರೆ ಎನ್ನಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್! 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಆ ಲಸಿಕೆಯನ್ನು ಕುರಿಯ ಮಿದುಳಿನಲ್ಲಿ ರೇಬಿಸ್ ವೈರಸ್ ಬೆಳೆಸಿ, ಕಾರ್ಬಾಲಿಕ್ ಆಮ್ಲದಿಂದ ಅದನ್ನು ಕೊಂದು ತಯಾರಿಸುತ್ತಿದ್ದರು. ದಕ್ಷಿಣದವರಿಗೆ ಅದು ಕೂನೂರಿನಲ್ಲಿ ತಯಾರಾಗುತ್ತಿತ್ತು. ವೈರಸ್ಸಿನ ಜೊತೆಗೆ ಕುರಿಯ ನರಗಳ ಹೊದಿಕೆಯ ಅಂಶವೂ ಮನುಷ್ಯರ ಮೈಸೇರುತ್ತಿತ್ತು. ಕೆಲವರ ದೇಹ ಅದನ್ನು ಶತ್ರುವೆಂದು ತಿಳಿದು ಪ್ರತಿರೋಧ ಒಡ್ಡುವಾಗ ತಮ್ಮದೇ ನರಗಳ ಹೊದಿಕೆಯ ಮೇಲೂ ಎರಗುತ್ತಿತ್ತು. ಕಾಲಿನ ಬಲ ಹೋಗುವುದು, ಮೂತ್ರ ಕಟ್ಟುವುದು, ಕೆಲವೊಮ್ಮೆ ಸಾವು. ಇದು ಕಾಕತಾಳೀಯವಲ್ಲ. ಏಕೆ ಆಗುತ್ತದೆಂದು ತಿಳಿದಿತ್ತು, ಯಾರಿಗೆ ಎಷ್ಟು ದಿನದ ಮೇಲೆ ಆಗುತ್ತದೆಂದು ತಿಳಿದಿತ್ತು, ಅಂಥವರ ರಕ್ತದಲ್ಲಿ ನರದ ಹೊದಿಕೆಯ ವಿರುದ್ಧದ ಪ್ರತಿಕಾಯಗಳೂ ಸಿಕ್ಕಿದ್ದವು. ಆದರೂ ಹುಚ್ಚುನಾಯಿ ಕಚ್ಚಿದವನಿಗೆ ಬೇರೆ ದಾರಿ ಇರಲಿಲ್ಲ. ರೇಬಿಸ್ ಬಂದರೆ ಸಾವು ಖಚಿತ. ಮಿದುಳು ಬಳಸದ ಲಸಿಕೆಗಳು ಬಂದ ಎಷ್ಟೋ ವರ್ಷಗಳ ಮೇಲೆ, 2004ರ ಕೊನೆಯ ಹೊತ್ತಿಗೆ, ಭಾರತ ಇದರ ತಯಾರಿಕೆ ನಿಲ್ಲಿಸಿತು. ಅಷ್ಟು ತಡವಾದದ್ದಕ್ಕೆ ಅಗ್ಗದ ಬೆಲೆ ಬಿಟ್ಟು ಬೇರೆ ಸಮರ್ಥನೆ ಇರಲಿಲ್ಲ.

ಇನ್ನೊಂದು ಈಚಿನದು. 2009-10ರ ಹಂದಿಜ್ವರದ ಹಾವಳಿಯಲ್ಲಿ ಯುರೋಪಿನ ಕೆಲವು ದೇಶಗಳು ಪ್ಯಾಂಡೆಮ್ರಿಕ್ಸ್ ಎಂಬ ಲಸಿಕೆ ಬಳಸಿದವು. 2010ರ ಆಗಸ್ಟಿನ ಹೊತ್ತಿಗೆ ಫಿನ್ಲೆಂಡ್, ಸ್ವೀಡನ್ನುಗಳ ವೈದ್ಯರ ಬಳಿ ವಿಚಿತ್ರ ರೋಗಿಗಳು ಬರತೊಡಗಿದರು. ಪಾಠ ಕೇಳುತ್ತ ಕೂತ ಮಗು ತಡೆಯಲಾಗದ ನಿದ್ದೆಗೆ ಜಾರುತ್ತದೆ, ಜೋರಾಗಿ ನಕ್ಕರೆ ಮಂಡಿ ಕುಸಿದು ಬೀಳುತ್ತದೆ. ನಾರ್ಕೊಲೆಪ್ಸಿ ಎಂಬ ಕಾಯಿಲೆ. ಫಿನ್ಲೆಂಡಿನಲ್ಲಿ 4ರಿಂದ 19 ವರ್ಷದವರ ಲೆಕ್ಕ ತೆಗೆದಾಗ ಲಸಿಕೆ ಪಡೆದವರಲ್ಲಿ ಲಕ್ಷಕ್ಕೆ 9, ಪಡೆಯದವರಲ್ಲಿ ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಹನ್ನೆರಡು ಪಟ್ಟಿಗೂ ಹೆಚ್ಚಿನ ಅಂತರ! ಕೆಲವೇ ತಿಂಗಳಲ್ಲಿ ಇದು ಬಯಲಾಯಿತು. ಬಯಲು ಮಾಡಿದವರು ಸರ್ಕಾರಿ ಆರೋಗ್ಯ ಸಂಸ್ಥೆಗಳ ವೈದ್ಯರೇ. ನಿಜವಾದ ಹಾನಿ ಇದ್ದರೆ, ಎಣಿಸುವವರು ಇದ್ದರೆ, ಅದು ಹೀಗೆ ಕಾಣಿಸಿಕೊಳ್ಳುತ್ತದೆ. ಅದೇ ಬಗೆಯ ಎಣಿಕೆಯಲ್ಲಿ ಕಾಣಿಸದೆ ಹೋದದ್ದು ದಡಾರದ ಲಸಿಕೆಗೂ ಆಟಿಸಂಗೂ ಇದೆಯೆಂದು 1998ರಲ್ಲಿ ಹಬ್ಬಿದ ನಂಟು. ಹನ್ನೆರಡು ಮಕ್ಕಳ ಆ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿ 2019ರಲ್ಲಿ ವರದಿ ಮಾಡಿದವರಿಗೆ ಅಂಥ ನಂಟು ಸಿಗಲಿಲ್ಲ. 2017ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಸೂಜಿ ಹಾಕುವಾಗ ಮೊಬೈಲುಗಳಲ್ಲಿ ಓಡಾಡಿದ ಸಂದೇಶಗಳಿಗೆ ಇವೆಲ್ಲ ಗೊತ್ತಿರಲಿಲ್ಲ, ಗೊತ್ತಿರುವುದು ಬೇಕೂ ಇರಲಿಲ್ಲ.

ಡಿಪಿಟಿಗೆ ಮರಳಿದರೆ, ಸೂಜಿಗೂ ಫಿಟ್ಸಿಗೂ ನಿಜವಾದ ಒಂದು ನಂಟು ಇದೆ. ಅದು ಜ್ವರದ ಮೂಲಕ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಯಾವುದಾದರೂ ಜ್ವರ ಏರುವಾಗ ಸೆಳವು ಬರುವುದುಂಟು. ನೆಗಡಿಯ ಜ್ವರವಾದರೂ ಸರಿ, ಸೂಜಿಯ ಜ್ವರವಾದರೂ ಸರಿ. ಅಮೆರಿಕದಲ್ಲಿ ಲಕ್ಷಾಂತರ ಮಕ್ಕಳ ದಾಖಲೆ ನೋಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಳೆಯ ಬಗೆಯ ಡಿಪಿಟಿ ಹಾಕಿಸಿದ ದಿನ ಲಕ್ಷ ಮಕ್ಕಳಿಗೆ 6ರಿಂದ 9 ಮಂದಿಯಲ್ಲಿ ಹೆಚ್ಚುವರಿಯಾಗಿ ಜ್ವರದ ಸೆಳವು ಕಾಣಿಸಿತು. ಅಂಥ ಮಕ್ಕಳಿಗೆ ಮುಂದೆ ಅಪಸ್ಮಾರವಾಗಲಿ, ಕಲಿಕೆಯ ತೊಂದರೆಯಾಗಲಿ ಬೇರೆ ಜ್ವರದಲ್ಲಿ ಸೆಳವು ಬಂದವರಿಗಿಂತ ಹೆಚ್ಚಾಗಲಿಲ್ಲ. ನೋಡುವವರಿಗೆ ಎದೆ ನಡುಗಿಸುವ ಆ ಕೆಲವು ನಿಮಿಷಗಳು ಮಿದುಳಿನಲ್ಲಿ ಸಾಮಾನ್ಯವಾಗಿ ಗುರುತು ಉಳಿಸುವುದಿಲ್ಲ.

ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಹಾಕುವ ಪೆಂಟಾವೇಲೆಂಟ್ ಲಸಿಕೆಯಲ್ಲೂ, ಒಂದೂವರೆ ವರ್ಷದ ಹೊತ್ತಿಗೆ ಹಾಕುವ ಡಿಪಿಟಿಯಲ್ಲೂ ಇರುವುದು ಇಡೀ ರೋಗಾಣುವಿನ ಹಳೆಯ ಬಗೆಯೇ. ಖಾಸಗಿ ಆಸ್ಪತ್ರೆಗಳಲ್ಲಿ ‘ನೋವಿಲ್ಲದ ಸೂಜಿ’ ಎಂದು ಕರೆಯುವುದು ಜಪಾನಿನವರು ಶುರುಮಾಡಿದ ಬಗೆಯದು. ಅದರಲ್ಲಿ ಜ್ವರ ಕಡಿಮೆ, ನಿಜ. ಆದರೆ ಅದು ಕೊಡುವ ರಕ್ಷಣೆಯೂ ಬೇಗ ಸವೆಯುತ್ತದೆ. ಹೆಚ್ಚು ಹಣ ಕೊಟ್ಟದ್ದು ಹೆಚ್ಚು ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸೂಜಿಯ ನಂತರ ಅರ್ಧ ಗಂಟೆ ಅಲ್ಲೇ ಕೂರಿ ಎನ್ನುವುದು ಅಲರ್ಜಿಯ ಭಯಕ್ಕೆ. ಅದು ಅಪರೂಪ, ಆದರೆ ಬಂದರೆ ಬೇಗ ಬರುತ್ತದೆ. ಮನೆಯಲ್ಲಿ ಸೆಳವು ಬಂದರೆ ಕೂಸನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಚಮಚ, ನೀರು, ಬೆರಳು ಯಾವುದನ್ನೂ ಹಾಕಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಕಾಯದೆ ಆಸ್ಪತ್ರೆಗೆ. ಎಷ್ಟು ಹೊತ್ತು ಬಂತು, ಒಂದೇ ಪಕ್ಕವೋ ಎರಡೂ ಪಕ್ಕವೋ ಎಂಬುದನ್ನು ತಾಯಿ ಕಾರ್ಡಿನ ಅಂಚಿನಲ್ಲಾದರೂ ಬರೆದಿಡಬೇಕು. ಮುಂದಿನ ಸೂಜಿಗೆ ಮುನ್ನ ವೈದ್ಯರಿಗೆ ಅದನ್ನು ತೋರಿಸಬೇಕು. ನಾಯಿಕೆಮ್ಮಿನ ಭಾಗವನ್ನು ಬಿಟ್ಟು ಹಾಕಬೇಕಾದ ಕೆಲವೇ ಮಕ್ಕಳನ್ನು ಅವರು ಹಾಗೆ ಗುರುತಿಸುತ್ತಾರೆ.

ಈ ಒಂದೇ ಪಕ್ಕ, ಅರ್ಧ ಗಂಟೆ ಎಂಬ ವಿವರಗಳಲ್ಲೇ ಹಳೆಯ ಒಗಟಿನ ಉತ್ತರವೂ ಅಡಗಿತ್ತು. ಫ್ರಾನ್ಸಿನ ಮಾರ್ಸೇಲ್ಸಿನ ವೈದ್ಯೆ ಷಾರ್ಲೆಟ್ ಡ್ರಾವೆ 1978ರಲ್ಲಿ, ಅಂದರೆ ಬ್ರಿಟನ್ನಿನಲ್ಲಿ ಗಲಾಟೆ ತಾರಕದಲ್ಲಿದ್ದಾಗಲೇ, ಒಂದು ಬಗೆಯ ಅಪಸ್ಮಾರವನ್ನು ಬೇರೆಯಾಗಿ ಗುರುತಿಸಿದ್ದರು. ಹುಟ್ಟುವಾಗ ಕೂಸು ಚೆನ್ನಾಗಿರುತ್ತದೆ. ಐದರಿಂದ ಎಂಟು ತಿಂಗಳ ಸುಮಾರಿಗೆ, ಬಹುಮಟ್ಟಿಗೆ ಜ್ವರದಲ್ಲಿ, ಒಂದೇ ಪಕ್ಕದ ದೀರ್ಘ ಸೆಳವು. ಆಮೇಲೆ ಬಗೆಬಗೆಯ ಸೆಳವು, ಎರಡನೆಯ ವರ್ಷದಿಂದ ಬೆಳವಣಿಗೆ ಕುಂಠಿತ. ಹದಿನೈದಿಪ್ಪತ್ತು ಸಾವಿರ ಮಕ್ಕಳಿಗೆ ಒಬ್ಬರಂತೆ ಬರುವ ಕಾಯಿಲೆ. ‘ಲಸಿಕೆಯಿಂದ ಕೆಟ್ಟ ಮಿದುಳು’ ಎಂದು ಹೇಳಲಾಗುತ್ತಿದ್ದ ಎಷ್ಟೋ ಮಕ್ಕಳ ವೃತ್ತಾಂತವನ್ನು ಇದರ ಪಕ್ಕದಲ್ಲಿಟ್ಟರೆ ಗೆರೆಗೆ ಗೆರೆ ಕೂಡುತ್ತಿತ್ತು. ಪಕ್ಕದಲ್ಲಿಟ್ಟು ನೋಡಿದವರು ಆಗ ಇರಲಿಲ್ಲ.

2001ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರು ಡ್ರಾವೆ ಕಾಯಿಲೆಯ ಏಳು ಮಕ್ಕಳನ್ನು ಪರೀಕ್ಷಿಸಿ ಏಳೂ ಮಂದಿಯಲ್ಲಿ ಒಂದೇ ಜೀನ್ ಕೆಟ್ಟಿರುವುದನ್ನು ಕಂಡರು. ಎರಡನೆಯ ವರ್ಣತಂತುವಿನಲ್ಲಿರುವ ಆ ಜೀನಿನ ಹೆಸರು ಎಸ್‌ಸಿಎನ್‌1ಎ. ನರಕೋಶದ ಗೋಡೆಯಲ್ಲಿ ಸೋಡಿಯಂ ನುಗ್ಗುವ ಸಣ್ಣ ಬಾಗಿಲುಗಳಿರುತ್ತವೆ. ಬಾಗಿಲು ತೆರೆದಾಗ ಕೋಶದಲ್ಲಿ ವಿದ್ಯುತ್ ಮಿಡಿಯುತ್ತದೆ. ಮಿದುಳಿನಲ್ಲಿ ಗಾಡಿ ಓಡಿಸುವ ಕೋಶಗಳೂ ಇವೆ, ಬ್ರೇಕ್ ಹಾಕುವ ಕೋಶಗಳೂ ಇವೆ. ಈ ಜೀನ್ ಕೆಟ್ಟರೆ ಮುಖ್ಯವಾಗಿ ಬ್ರೇಕಿನ ಕೋಶಗಳ ಬಾಗಿಲು ಕೆಲಸ ಮಾಡುವುದಿಲ್ಲ. ಮೈ ಬಿಸಿಯಾದಾಗ ಆ ಬ್ರೇಕ್ ಇನ್ನೂ ಜಾರುತ್ತದೆ. ಜ್ವರವಿರಲಿ, ಬಿಸಿನೀರಿನ ಸ್ನಾನವೂ ಇಂಥ ಮಕ್ಕಳಲ್ಲಿ ಸೆಳವು ತರಬಲ್ಲದು.

ಬಿಸಿನೀರಿನ ಮಾತು ಕನ್ನಡಿಗರಿಗೆ ಅಪರಿಚಿತವಲ್ಲ. ಮೈಸೂರು ಸೀಮೆಯಲ್ಲಿ ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಫಿಟ್ಸನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಅದು ಬೇರೆಯೇ ಕಾಯಿಲೆ, ಇಷ್ಟು ಕ್ರೂರವಲ್ಲ. ಆದರೆ ಅಲ್ಲಿ ಒಂದು ವಿಷಯ ಎಲ್ಲರಿಗೂ ಸಲೀಸಾಗಿ ಅರ್ಥವಾಗುತ್ತದೆ: ನೀರು ಫಿಟ್ಸನ್ನು ಎಬ್ಬಿಸಿತು, ಹುಟ್ಟಿಸಲಿಲ್ಲ. ಹಂಡೆಯ ಮೇಲೆ ಯಾರೂ ದಾವೆ ಹೂಡುವುದಿಲ್ಲ.

2006ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ಸ್ಯಾಮ್ಯುಯೆಲ್ ಬರ್ಕೋವಿಕ್, ಇಂಗ್ರಿಡ್ ಶೆಫರ್ ಮತ್ತು ಸಂಗಡಿಗರು, ಲಸಿಕೆಯಿಂದ ಮಿದುಳು ಹಾನಿಯಾಯಿತೆಂದು ಹೇಳಲಾಗಿದ್ದ 14 ಮಂದಿಯನ್ನು ಹುಡುಕಿ ತೆಗೆದರು. ಇವರು ಲಂಡನ್ನಿನ ಹಳೆಯ 36 ಮಕ್ಕಳಲ್ಲ. ಆದರೆ ಕಥೆ ಅದೇ. 14ರಲ್ಲಿ 11 ಮಂದಿಯ ಎಸ್‌ಸಿಎನ್‌1ಎ ಜೀನ್ ಕೆಟ್ಟಿತ್ತು. ಸೂಜಿ ಜೀನನ್ನು ಕೆಡಿಸಲಾರದು. ಅದು ಕೂಸು ಗರ್ಭದಲ್ಲಿ ರೂಪುಗೊಳ್ಳುವ ಮೊದಲ ಗಳಿಗೆಯಲ್ಲೇ ಆಗಿಹೋದದ್ದು. ಹಾಗಾದರೆ ಸೂಜಿಯ ಜ್ವರ ಕಾಯಿಲೆಯನ್ನು ಇನ್ನಷ್ಟು ಕೆಡಿಸಿತೆ? ಅದೂ ನ್ಯಾಯವಾದ ಪ್ರಶ್ನೆಯೇ. ಅದೇ ತಂಡದವರು 2010ರಲ್ಲಿ ಡ್ರಾವೆ ಕಾಯಿಲೆಯ 40 ಮಂದಿಯನ್ನು ನೋಡಿದರು. 12 ಮಂದಿಗೆ ಮೊದಲ ಸೆಳವು ಸೂಜಿಯ ಎರಡು ದಿನಗಳೊಳಗೆ ಬಂದಿತ್ತು. 25 ಮಂದಿಗೆ ಸೂಜಿಗೂ ಸೆಳವಿಗೂ ಅಂಥ ನಂಟಿರಲಿಲ್ಲ. ಮೊದಲ ಗುಂಪಿನಲ್ಲಿ ಕಾಯಿಲೆ ಸರಾಸರಿ ಏಳೆಂಟು ವಾರ ಮುಂಚೆ ತಲೆಯೆತ್ತಿತ್ತು. ಮುಂದಿನ ವರ್ಷಗಳಲ್ಲಿ ಅವರ ಬುದ್ಧಿಯ ಬೆಳವಣಿಗೆಯಲ್ಲಾಗಲಿ, ಸೆಳವಿನಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಸೂಜಿ ಅಂದು ಬೀಳದಿದ್ದರೆ ಮುಂದಿನ ನೆಗಡಿಯ ಜ್ವರ ಅದೇ ಬಾಗಿಲು ತಟ್ಟುತ್ತಿತ್ತು.

ಇದರಿಂದ ಕಾಯಿಲೆ ವಾಸಿಯಾಗಲಿಲ್ಲ. ಆದರೆ ಔಷಧಿ ಬದಲಾಯಿತು. ಫಿಟ್ಸಿಗೆಂದು ಸಾಮಾನ್ಯವಾಗಿ ಬರೆದುಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್‌ನಂಥ ಮಾತ್ರೆಗಳು ಕೆಲಸ ಮಾಡುವುದು ಅದೇ ಸೋಡಿಯಂ ಬಾಗಿಲುಗಳನ್ನು ಮುಚ್ಚಿಸಿ. ಡ್ರಾವೆಯ ಮಕ್ಕಳಲ್ಲಿ ಮೊದಲೇ ಕೆಲಸ ಮಾಡದ ಬಾಗಿಲನ್ನು ಅವು ಇನ್ನಷ್ಟು ಮುಚ್ಚಿ ಸೆಳವನ್ನು ಹೆಚ್ಚಿಸುತ್ತವೆ. ‘ಸೂಜಿಯಿಂದ ಆದದ್ದು’ ಎಂಬ ಚೀಟಿ ಅಂಟಿಸಿಕೊಂಡು ವರ್ಷಗಟ್ಟಲೆ ಇಂಥ ಮಾತ್ರೆ ನುಂಗುವ ಮಗುವಿಗೆ ಸರಿಯಾದ ಹೆಸರು ಸಿಕ್ಕರೆ ಮಾತ್ರೆಯಾದರೂ ಸರಿಹೋಗುತ್ತದೆ. ಆ ಜೀನಿನ ಪರೀಕ್ಷೆ ಈಗ ಬೆಂಗಳೂರಿನಲ್ಲೂ ಆಗುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಜ್ವರದಲ್ಲಿ ಮತ್ತೆ ಮತ್ತೆ ದೀರ್ಘ ಸೆಳವು ಬಂದರೆ, ಅದರಲ್ಲೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಂದರೆ, ಮಕ್ಕಳ ನರರೋಗ ತಜ್ಞರಲ್ಲಿ ಆ ಹೆಸರನ್ನು ಕೇಳಬಹುದು.

ಮೆಲ್ಬರ್ನಿನ ಆ ಕುಟುಂಬಗಳಲ್ಲಿ ಒಂಬತ್ತರಲ್ಲಿ ತಾಯ್ತಂದೆಯರ ರಕ್ತವೂ ಪರೀಕ್ಷೆಗೆ ಸಿಕ್ಕಿತು. ಮಗುವಿನಲ್ಲಿ ಕೆಟ್ಟಿದ್ದ ಜೀನ್ ಒಂಬತ್ತು ತಾಯಂದಿರಲ್ಲಿ ಒಬ್ಬರಲ್ಲೂ ಇರಲಿಲ್ಲ, ಒಂಬತ್ತು ತಂದೆಯರಲ್ಲಿ ಒಬ್ಬರಲ್ಲೂ ಇರಲಿಲ್ಲ. ಮಗುವನ್ನು ಎತ್ತಿಕೊಂಡು ಸೂಜಿ ಹಾಕಿಸಲು ಹೋದದ್ದು ಯಾರು ಎಂದು ಅಷ್ಟು ವರ್ಷ ಒಬ್ಬರನ್ನೊಬ್ಬರು ಕೇಳಿಕೊಂಡಿರಬಹುದಾದ ಆ ಮನೆಗಳಲ್ಲಿ, ಸೂಜಿಯ ಸರದಿ ಬರುವ ಎಷ್ಟೋ ತಿಂಗಳು ಮುಂಚೆಯೇ ಅದು ತಾನಾಗಿ ಆಗಿಹೋಗಿತ್ತು.